ಲೇಪವೂ ಲೋಪವೂ

ದಶಲಕ್ಷಣ ಪರ್ವದ ಮೂರನೆಯ ದಿನ. ಹಾಸನ ಜಿಲ್ಲೆಯ ಒಂದು ಊರಿನ ಶ್ರಾವಕರ ಮನೆಯಲ್ಲಿ ೭೮ ವರ್ಷದ ಅಜ್ಜಿಯೊಬ್ಬರು ಬಸದಿಯಿಂದ ಹಿಂದಿರುಗಿ, ಕೈಕಾಲು ತೊಳೆದು, ಆ ದಿನದ ಒಂದೇ ಹೊತ್ತಿನ ಊಟಕ್ಕೆ ಕುಳಿತಿದ್ದರು. ಪರ್ವದ ಹತ್ತು ದಿನವೂ ಏಕಭುಕ್ತವೆಂಬ ನಿಯಮವನ್ನು ಅವರು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದರು. ಅವರ ಅಡುಗೆಗೆ ಸೋಸಿದ ನೀರು, ಅವರದೇ ಒಲೆ, ಅವರದೇ ಪಾತ್ರೆಗಳು. ಎಲೆಗೆ ಅನ್ನ ಬಿದ್ದಿತ್ತು. ಪಕ್ಕದಲ್ಲಿ ಕಾಯಿಸಿದ ಹಾಲಿನ ಲೋಟವಿತ್ತು. ಆಗ ಹದಿನೇಳು ವರ್ಷದ ಮೊಮ್ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಅಜ್ಜಿ, ಆ ಹಾಲು ಕುಡಿಯಬೇಡಿ” ಎಂದಳು.

ಅವಳ ಮೂಗು ಕೆಂಪಾಗಿತ್ತು. ಅತ್ತುದರಿಂದ ಮಾತ್ರ ಆದ ಕೆಂಪು ಅದಲ್ಲವೆಂಬುದು ನೋಡಿದವರಿಗೆಲ್ಲ ತಿಳಿಯುವಂತಿತ್ತು.

ಈ ಪ್ರಸಂಗದ ಮೂಲ ಒಂದು ತಿಂಗಳು ಹಿಂದಿನದು. ಬಂಧುಗಳ ಮದುವೆಯೊಂದರಲ್ಲಿ ಹೆಂಗಸರು ಒಂದೆಡೆ ಕುಳಿತು ಹೂ ಕಟ್ಟುತ್ತಿದ್ದಾಗ, ದೂರದ ಸಂಬಂಧದ ಅತ್ತೆಯೊಬ್ಬರು ಹುಡುಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ಏನೇ ಇದು, ಮೂಗಿನ ಮೇಲೆ ಎಳ್ಳು ಚೆಲ್ಲಿಕೊಂಡಿದ್ದೀಯಾ?” ಎಂದರು. ಸುತ್ತಲಿದ್ದವರು ನಕ್ಕರು. ಮಾತು ಅಲ್ಲಿಗೆ ಮುಗಿದು ಬೇರೆ ಕಡೆಗೆ ಹೊರಳಿತು. ಆಡಿದವರಿಗೆ ಅದು ಮರುಗಳಿಗೆಗೇ ಮರೆತುಹೋಯಿತು. ಹುಡುಗಿಗೆ ಮಾತ್ರ ಆ ದಿನದಿಂದ ಕನ್ನಡಿಯಲ್ಲಿ ಮುಖ ಕಾಣದಾಯಿತು. ಮೂಗು ಒಂದೇ ಕಾಣತೊಡಗಿತು. ಪರ್ವದ ಕೊನೆಯಲ್ಲಿ ಬಸದಿಯ ಸಭಾಮಂಟಪದಲ್ಲಿ ಮಕ್ಕಳು ಆಡಲಿದ್ದ ರೂಪಕದಲ್ಲಿ ಆಕೆಗೆ ಸತಿ ಚಂದನೆಯ ಪಾತ್ರ ಬಂದಿತ್ತು. ಊರಿನ ಸಮಾಜವೆಲ್ಲ ನೋಡುವ ವೇದಿಕೆ. ಅಷ್ಟರೊಳಗೆ ಆ ಕಪ್ಪು ಚುಕ್ಕೆಗಳು ಹೋಗಲೇಬೇಕೆಂದು ಆಕೆ ನಿಶ್ಚಯಿಸಿದಳು.

ಸಹಪಾಠಿಯೊಬ್ಬಳು ಒಂದು ಹಾಳೆಯಲ್ಲಿ ಐದು ಮುಖಲೇಪಗಳನ್ನು ಬರೆದುಕೊಟ್ಟಳು. ಎಲ್ಲವೂ ಮನೆಯಲ್ಲೇ ಕಲಸಿಕೊಳ್ಳುವಂಥವು. ಅಂಗಡಿಯ ಔಷಧಿಗಿಂತ ಮನೆಯ ಲೇಪ ನಿರಪಾಯವೆಂದು ಹುಡುಗಿ ನಂಬಿದ್ದಳು. ಮನೆಯಲ್ಲಿರುವುದೆಲ್ಲ ಶುದ್ಧವೆಂಬ ವಿಶ್ವಾಸವು ಶ್ರಾವಕರ ಮನೆಯ ಮಕ್ಕಳಿಗೆ ಸಹಜವಾದದ್ದೇ.

ಮೊದಲನೆಯದು ಕಡಲೆಹಿಟ್ಟು, ಅರಿಸಿನ, ಮೊಸರು ಸೇರಿದ ಲೇಪ. ಅದನ್ನು ವಾರಕ್ಕೆ ಮೂರು ದಿನ ಹಚ್ಚಿದಳು. ಚರ್ಮ ನುಣುಪಾಯಿತು, ಎರಡು ದಿನ ಕಾಲೇಜಿಗೆ ಹಳದಿ ಮೂಗು ಹೊತ್ತು ಹೋದಳು, ಚುಕ್ಕೆಗಳು ಇದ್ದಲ್ಲೇ ಇದ್ದವು. ಮಿಕ್ಕ ಲೇಪವನ್ನು ಬಟ್ಟಲಿನಲ್ಲಿ ಮುಚ್ಚಿಟ್ಟು ಮೂರನೆಯ ದಿನವೂ ಬಳಸುತ್ತಿದ್ದುದನ್ನು ಕಂಡ ಅಜ್ಜಿ ಒಂದೇ ಮಾತು ಹೇಳಿದ್ದರು: “ಬೇಳೆಯ ಹಿಟ್ಟಿಗೆ ಹಸಿ ಮೊಸರು ಸೇರಿದರೆ ದ್ವಿದಳ. ತುಟಿಗೆ ತಾಗಿಸಬೇಡ. ಬೇಕಾದಷ್ಟೇ ಕಲಸು, ಇಟ್ಟುಕೊಳ್ಳಬೇಡ.” ದ್ವಿದಳದ ನಿಷೇಧ ಆಹಾರಕ್ಕೆ ಸಂಬಂಧಿಸಿದ್ದು, ಆದರೆ ಹುಳಿತ ಹಿಟ್ಟಿನಲ್ಲಿ ಜೀವೋತ್ಪತ್ತಿಯಾಗುತ್ತದೆಂಬ ಎಚ್ಚರ ಲೇಪಕ್ಕೂ ಅನ್ವಯಿಸುತ್ತದೆ. ಒಡೆದ ಚರ್ಮದ ಮೇಲೆ ಹಳಸಿದ ಲೇಪವನ್ನು ಹಚ್ಚಬಾರದೆಂದು ವೈದ್ಯರೂ ಹೇಳುತ್ತಾರೆ.

ಎರಡನೆಯದು ನಿಂಬೆರಸಕ್ಕೆ ಸಕ್ಕರೆ ಬೆರೆಸಿ ಉಜ್ಜುವುದು. ಆಕೆ ಕಣ್ಣಲ್ಲಿ ನೀರು ಬರುವವರೆಗೆ ಉಜ್ಜಿದಳು. ಸಕ್ಕರೆಯ ಹರಳಿನ ಮೊನೆಗಳು ಮೂಗಿನ ಪಕ್ಕದಲ್ಲಿ ಕೆಂಪು ಗೀರುಗಳನ್ನು ಬಿಟ್ಟವು. ಮೂರನೆಯದು ಮೊಟ್ಟೆಯ ಬಿಳಿಯನ್ನು ಹಚ್ಚಿ, ಮೇಲೆ ತೆಳುವಾದ ಕಾಗದ ಅಂಟಿಸಿ, ಒಣಗಿದ ಮೇಲೆ ಕೀಳುವುದು. ಆ ಸಾಲನ್ನು ಓದಿದ ಕೂಡಲೇ ಹೊಡೆದುಹಾಕಿದಳು. ನಾಲ್ಕನೆಯದು ಜೇನುತುಪ್ಪಕ್ಕೆ ಚಕ್ಕೆಯ ಪುಡಿ. ಅಲ್ಲಿ ಒಂದು ಕ್ಷಣ ತಡೆದಳು. ಜೇನು ತಿನ್ನಬಾರದು ಸರಿ, ಹಚ್ಚಿಕೊಂಡರೇನು ಎಂಬ ಪ್ರಶ್ನೆ ಮನಸ್ಸಿಗೆ ಬಾರದಿರಲಿಲ್ಲ. ಆದರೆ ಆ ಮನೆಯಲ್ಲಿ ಜೇನು ಎಂದೂ ಇರಲಿಲ್ಲ. ಮದ್ಯ, ಮಾಂಸ, ಮಧು ಎಂಬ ಮೂರರ ತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಸೇರಿದ್ದೆಂಬುದನ್ನು ಆಕೆ ಪಾಠಶಾಲೆಯಲ್ಲಿ ಕಲಿತಿದ್ದಳು. ಗೂಡಿನಿಂದ ತಾನಾಗಿಯೇ ತೊಟ್ಟಿಕ್ಕಿದ ಜೇನಿನಲ್ಲೂ, ಅದನ್ನಾಶ್ರಯಿಸಿದ ಜೀವಿಗಳ ಘಾತದಿಂದ, ಹಿಂಸೆಯಿದೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಚಾರಮಾಡಿದ್ದಾರೆ. ನಾಲ್ಕನೆಯ ಸಾಲಿಗೂ ಅಡ್ಡಗೆರೆ ಬಿತ್ತು.

ಉಳಿದದ್ದು ಐದನೆಯದು. ಒಂದು ಚಮಚ ಜಿಲೆಟಿನ್ ಪುಡಿಯನ್ನು ಎರಡು ಚಮಚ ಹಾಲಿನಲ್ಲಿ ಬಿಸಿಮಾಡಿ ಕರಗಿಸಿ, ಉಗುರುಬೆಚ್ಚಗಿರುವಾಗ ಹಚ್ಚಿ, ಒಣಗಿದ ಮೇಲೆ ಸಿಪ್ಪೆಯಂತೆ ಸುಲಿದು ತೆಗೆಯುವುದು. ಮೊಟ್ಟೆಯಿಲ್ಲ, ಜೇನಿಲ್ಲ, ಹಾಲು ಮತ್ತು ಒಂದು ಬಿಳಿ ಪುಡಿ. ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಅದು ಬಿಡಿಯಾಗಿ, ಹೆಸರು ಗುರುತುಗಳಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕಿತು. ಹಬ್ಬದ ದಿನಗಳಲ್ಲಿ ತಾಯಿ ಹಾಲಿಗೆ ಹಾಕಿ ಗಟ್ಟಿ ಮಾಡುವ ಚೈನಾಗ್ರಾಸ್‌ನ ಇನ್ನೊಂದು ಹೆಸರೇ ಇದೆಂದು ಹುಡುಗಿ ತಿಳಿದಳು. ಪರ್ವದ ಎರಡನೆಯ ದಿನ ಸಂಜೆ, ಸೂರ್ಯಾಸ್ತಕ್ಕೆ ಮೊದಲು, ಮನೆಯಲ್ಲಿ ಎಲ್ಲಕ್ಕಿಂತ ಶುಚಿಯಾದ ಸಣ್ಣ ಪಾತ್ರೆ ಯಾವುದೆಂದು ಹುಡುಕಿದಳು. ಅಜ್ಜಿಯ ಹಾಲಿನ ಪಾತ್ರೆ ಕೈಗೆ ಬಂತು. ಅದರಲ್ಲೇ ಪುಡಿಯನ್ನು ಕರಗಿಸಿ, ಲೇಪ ಹಚ್ಚಿ, ಪಾತ್ರೆಯನ್ನು ಚೆನ್ನಾಗಿ ತೊಳೆದು, ಇದ್ದ ಸ್ಥಳದಲ್ಲೇ ಕವುಚಿಟ್ಟಳು. ಅರ್ಧ ಗಂಟೆಯ ಮೇಲೆ ಲೇಪವನ್ನು ಎಳೆದಾಗ ಮೇಲ್ಚರ್ಮವೂ ಅಲ್ಲಲ್ಲಿ ಕಿತ್ತು ಬಂತು. ಉರಿಯಿಂದ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮರುದಿನ ಆರ್ಜವಧರ್ಮದ ಪ್ರವಚನ. ಮನಸ್ಸಿನಲ್ಲಿದ್ದುದೇ ಮಾತಿನಲ್ಲಿ, ಮಾತಿನಲ್ಲಿದ್ದುದೇ ಕೃತಿಯಲ್ಲಿ ಇರುವುದು ಆರ್ಜವವೆಂದು ಪಂಡಿತರು ವಿವರಿಸುತ್ತಿದ್ದರು. ಪ್ರವಚನ ಮುಗಿದು ಅಂಗಳಕ್ಕೆ ಬಂದಾಗ, ಆಹಾರವಿಜ್ಞಾನ ಓದುತ್ತಿದ್ದ ದೊಡ್ಡಪ್ಪನ ಮಗಳು ತಂಗಿಯ ಮೂಗನ್ನು ಕಂಡು ಏನು ಹಚ್ಚಿದೆಯೆಂದು ವಿಚಾರಿಸಿದಳು. ಜಿಲೆಟಿನ್ ಎಂಬ ಹೆಸರು ಕೇಳಿ ಅವಳ ಮುಖ ಬದಲಾಯಿತು. “ಅದು ಚೈನಾಗ್ರಾಸ್ ಅಲ್ಲ ಕಣೇ. ಚೈನಾಗ್ರಾಸ್ ಕಡಲ ಪಾಚಿಯಿಂದ ಆಗುವುದು. ಜಿಲೆಟಿನ್ ಪ್ರಾಣಿಯ ಮೂಳೆ, ಚರ್ಮಗಳಿಂದ ಆಗುವುದು.” ದನ, ಹಂದಿ ಮೊದಲಾದವುಗಳ ಚರ್ಮವನ್ನೂ ಮೂಳೆಯನ್ನೂ ಆಮ್ಲದಲ್ಲಿ ಇಲ್ಲವೆ ಸುಣ್ಣದ ನೀರಿನಲ್ಲಿ ನೆನೆಸಿ, ಬಳಿಕ ಬಿಸಿನೀರಿನಲ್ಲಿ ಅದರ ಅಂಟನ್ನು ಇಳಿಸಿ, ಒಣಗಿಸಿ ಪುಡಿಮಾಡುತ್ತಾರೆ. ಆಹಾರದ ಪೊಟ್ಟಣವಾಗಿದ್ದರೆ ಮಾಂಸಾಹಾರದ ಗುರುತಾದರೂ ಇರುತ್ತಿತ್ತು. ಬಿಡಿ ಚೀಲಕ್ಕೆ ಅದೂ ಇರಲಿಲ್ಲ.

ಹುಡುಗಿಗೆ ಮುಖದ ನೆನಪಾಗಲಿಲ್ಲ, ಪಾತ್ರೆಯ ನೆನಪಾಯಿತು. ಬೆಳಿಗ್ಗೆ ತಾಯಿ ಅಜ್ಜಿಗಾಗಿ ಅದರಲ್ಲೇ ಹಾಲು ಕಾಯಿಸಿದ್ದನ್ನು ಆಕೆ ನೋಡಿದ್ದಳು.

ಬಸದಿಯಿಂದ ಮನೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ಆಕೆಯ ಮುಂದೆ ಎರಡು ದಾರಿಗಳಿದ್ದವು. ಹೇಳಿದರೆ ಅಜ್ಜಿಗೆ ಅಂತರಾಯ. ನಿನ್ನೆ ಮಧ್ಯಾಹ್ನ ಉಂಡವರು ನಾಳೆಯವರೆಗೆ ನಿರಾಹಾರವಾಗಿರಬೇಕು. ಆ ವಯಸ್ಸಿಗೆ ಅದು ಸಣ್ಣದಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಪಾತ್ರೆ ತೊಳೆದದ್ದು, ಹಾಲು ಬೆಳ್ಳಗಿದೆ, ಅಜ್ಜಿ ನೆಮ್ಮದಿಯಿಂದ ಉಣ್ಣುತ್ತಾರೆ. ಮುದುಕಿಯನ್ನು ಹಸಿವಿಗೆ ಕೆಡಹುವುದೂ ಹಿಂಸೆಯಲ್ಲವೆ ಎಂದು ಮನಸ್ಸು ವಾದಿಸಿತು. ಆ ವಾದವನ್ನು ಯಾರ ಸಲುವಾಗಿ ಹೂಡುತ್ತಿದ್ದೇನೆಂಬುದು ಮನೆಯ ಮೆಟ್ಟಿಲು ಹತ್ತುವಾಗ ಆಕೆಗೇ ಸ್ಪಷ್ಟವಾಯಿತು. ಬಾಗಿಲಲ್ಲಿ ನಿಂತು ಹೇಳಿಬಿಟ್ಟಳು.

ಅಜ್ಜಿ ಎಲ್ಲವನ್ನೂ ಕೇಳಿದರು. ಕೈ ತೊಳೆದು, ಣಮೋಕಾರವನ್ನು ಒಂಬತ್ತು ಸಲ ಜಪಿಸಿ ಎದ್ದರು. ಪಾತ್ರೆಯನ್ನು ಬೇರೆ ಇಡಿಸಿದರು. ತಾಯಿಗೆ ಸಿಟ್ಟು ತಡೆಯಲಾಗಲಿಲ್ಲ. “ಪರ್ವದ ದಿನಗಳಲ್ಲಿ ಇಂಥ ಶೃಂಗಾರ ಬೇಕಿತ್ತೇನೇ? ದೇಹ ಅಶುಚಿ ಎಂದು ದಿನಾ ಬಾಯಲ್ಲಿ ಹೇಳುತ್ತೀಯಲ್ಲ!” ಎಂದರು. ಅಜ್ಜಿ ಸೊಸೆಯನ್ನು ಕೈಸನ್ನೆಯಿಂದ ತಡೆದು, “ಈಗ ಬೇಡಮ್ಮ. ಹೇಳಿದಾಳಲ್ಲ” ಎಂದರು.

ಸಂಜೆ ಅಜ್ಜಿ ಮೊಮ್ಮಗಳನ್ನು ಜಗುಲಿಗೆ ಕರೆದು ಕೂರಿಸಿಕೊಂಡರು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅಶುಚಿ ಆರನೆಯದು. ಮುನಿಗಳ ೨೮ ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಮೈಯ ಕೊಳೆಯನ್ನು ಸಮಭಾವದಿಂದ ಸಹಿಸುವ ಮಲಪರೀಷಹ ೨೨ ಪರೀಷಹಗಳಲ್ಲಿ ಸೇರಿದೆ. ಇವುಗಳನ್ನೆಲ್ಲ ಮೊಮ್ಮಗಳ ಮೇಲೆ ಹೊರಿಸುವ ಮಾತನ್ನು ಅಜ್ಜಿ ಆಡಲಿಲ್ಲ. ಅವು ದೇಹದ ಮೋಹವನ್ನು ಬಿಡಲು ಹೊರಟವರು ತಾವಾಗಿ ಕೈಗೊಳ್ಳುವ ಸಾಧನೆಗಳು. ಅವನ್ನೆತ್ತಿ ಹದಿನೇಳರ ಹುಡುಗಿಯನ್ನು ಹಂಗಿಸಿದರೆ ದೇಹದ ಮೇಲೆ ವೈರಾಗ್ಯ ಹುಟ್ಟುವುದಿಲ್ಲ, ಜುಗುಪ್ಸೆ ಹುಟ್ಟುತ್ತದೆ. ಜುಗುಪ್ಸೆ ಸಮ್ಯಗ್ದರ್ಶನಕ್ಕೆ ವಿರೋಧಿ. ಸ್ವಭಾವದಿಂದ ಅಶುಚಿಯಾದರೂ ರತ್ನತ್ರಯದಿಂದ ಪವಿತ್ರವಾಗುವ ದೇಹವನ್ನು ಕಂಡು ಹೇಸದೆ ಗುಣದಲ್ಲಿ ಪ್ರೀತಿಯಿಡುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರ್ವಿಚಿಕಿತ್ಸೆಯೆಂದು ಕರೆದು, ಅದಕ್ಕೆ ಉದ್ದಾಯನ ರಾಜನನ್ನು ಉದಾಹರಿಸಿದ್ದಾರೆ. ರೋಗಗ್ರಸ್ತ ಮುನಿಯ ವಮನವನ್ನು ಹೇಸದೆ ಶುಚಿಗೊಳಿಸಿದ ಆ ರಾಜನ ಕಥೆ ಹುಡುಗಿಗೆ ಬಾಯಿಪಾಠವಾಗಿತ್ತು. “ಉದ್ದಾಯನ ಇನ್ನೊಬ್ಬರ ಮೈಗೆ ಹೇಸಲಿಲ್ಲ. ನೀನು ನಿನ್ನ ಮೈಗೇ ಹೇಸಿದೆಯಲ್ಲ ಮಗಳೇ” ಎಂದರು ಅಜ್ಜಿ. “ಸಕ್ಕರೆ ಹಾಕಿ ಉಜ್ಜಿದೆ, ಸುಲಿದೆ. ಆ ಚರ್ಮ ಯಾರದು?”

ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ಮದುವೆಮನೆಯ ಎಳ್ಳಿನ ಮಾತನ್ನು ಹೇಳಿದಳು. ಅಜ್ಜಿಗೂ ಅದು ನೆನಪಾಯಿತು. ಅಂದು ಹೂ ಕಟ್ಟುತ್ತಿದ್ದವರಲ್ಲಿ ಅವರೂ ಒಬ್ಬರು. “ನಾನೂ ನಕ್ಕಿದ್ದೆ” ಎಂದರು.

ಸೋಸಿದ ನೀರು ಕುಡಿಯುವವರು, ಸೂರ್ಯಾಸ್ತದ ಮೇಲೆ ಉಣ್ಣದವರು, ಗೆಡ್ಡೆಗೆಣಸು ಮುಟ್ಟದವರು ಕೂಡಿದ್ದ ಆ ಕೂಟದಲ್ಲಿ ಒಂದು ಮಗುವಿನ ಮನಸ್ಸಿಗೆ ಪೆಟ್ಟು ಬಿದ್ದುದನ್ನು ಯಾರೂ ಗಮನಿಸಿರಲಿಲ್ಲ. ಪ್ರಮಾದದಿಂದ ಪ್ರಾಣಕ್ಕೆ ಆಗುವ ಬಾಧೆಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಹುಡುಗಿಯ ಪ್ರಮಾದ ಹೆಸರು ಕೇಳದೆ ಪುಡಿಯನ್ನು ಕೊಂಡದ್ದು. ಅದಕ್ಕೂ ಮೊದಲು ಹಿರಿಯರ ಪ್ರಮಾದ ನಡೆದುಹೋಗಿತ್ತು. ಚಂದನೆಯ ಕಥೆಯಲ್ಲಿಯೂ ಆಕೆಯನ್ನು ಸಂಕೋಲೆಗೆ ತಂದದ್ದು ಆಕೆಯ ರೂಪವಲ್ಲ. ಆ ರೂಪವನ್ನು ಕಂಡು ಶಂಕಿಸಿದ ಶ್ರೇಷ್ಠಿಯ ಹೆಂಡತಿಯ ಮನಸ್ಸು.

ಮರುದಿನ ಅಜ್ಜಿಯೇ ಮುಂದಾಗಿ ಮೊಮ್ಮಗಳನ್ನು ಚರ್ಮದ ವೈದ್ಯರಲ್ಲಿಗೆ ಕಳುಹಿಸಿದರು. ವೈದ್ಯೆ ಮೂಗನ್ನು ಭೂತಗನ್ನಡಿಯಿಂದ ನೋಡಿ ಮೊದಲು ಹೇಳಿದ್ದು, ಆ ಕಪ್ಪು ಕೊಳೆಯಲ್ಲವೆಂಬುದು. ಚರ್ಮದ ಸೂಕ್ಷ್ಮ ರಂಧ್ರಗಳೊಳಗಿನ ಗ್ರಂಥಿಗಳು ಸದಾ ಜಿಡ್ಡನ್ನು ಸ್ರವಿಸುತ್ತವೆ. ಹರೆಯದಲ್ಲಿ ಅದು ಹೆಚ್ಚು. ಸತ್ತ ಚರ್ಮಕಣಗಳು ಜಿಡ್ಡಿನೊಡನೆ ಕೂಡಿ ರಂಧ್ರದ ಬಾಯಲ್ಲಿ ಬಿರಟೆಯಂತೆ ನಿಲ್ಲುತ್ತವೆ. ಬಾಯಿ ತೆರೆದಿರುವುದರಿಂದ ಗಾಳಿ ತಾಗಿ, ಚರ್ಮದ ಸಹಜ ವರ್ಣದ್ರವ್ಯವೂ ಸೇರಿ, ಬಿರಟೆಯ ತುದಿ ಕಪ್ಪಾಗುತ್ತದೆ. ಬ್ಲ್ಯಾಕ್‌ಹೆಡ್ ಎಂಬುದು ಇಷ್ಟೇ. ಎಷ್ಟು ಉಜ್ಜಿದರೂ ಅದು ಹೋಗದಿರುವುದಕ್ಕೆ ಕಾರಣವೂ ಇದೇ. ಅಂಟುಲೇಪವನ್ನು ಸುಲಿದಾಗ ತುದಿ ಮಾತ್ರ ಕಿತ್ತು ಬರುತ್ತದೆ, ಕೆಲವು ವಾರಗಳಲ್ಲಿ ರಂಧ್ರ ಮತ್ತೆ ತುಂಬಿಕೊಳ್ಳುತ್ತದೆ. ಮೂಗಿನ ಮೇಲೆ ಸಾಲಾಗಿ ಕಾಣುವ ಬೂದು ಚುಕ್ಕೆಗಳಲ್ಲಿ ಅನೇಕವು ರೋಗವೇ ಅಲ್ಲ. ಎಲ್ಲರ ಮೂಗಿನಲ್ಲೂ ಇರುವ ಜಿಡ್ಡಿನ ಎಳೆಗಳು.

ಐದು ಲೇಪಗಳ ಹಾಳೆಯನ್ನೂ ವೈದ್ಯೆ ಓದಿದರು. ಕಡಲೆಹಿಟ್ಟಿನ ಲೇಪ ಮೇಲಿನ ಜಿಡ್ಡನ್ನು ತೆಗೆಯುತ್ತದೆ, ರಂಧ್ರದೊಳಗೆ ಹೋಗುವುದಿಲ್ಲ. ತಾಜಾ ಆಗಿದ್ದರೆ ಅಪಾಯವಿಲ್ಲ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ; ಅದರ ಪಿಹೆಚ್ ೫ರ ಆಸುಪಾಸು. ನಿಂಬೆರಸದ್ದು ೨ರ ಹತ್ತಿರ, ಅಡುಗೆ ಸೋಡಾದ ದ್ರಾವಣದ್ದು ೮ಕ್ಕಿಂತ ಮೇಲೆ. ಎರಡೂ ಚರ್ಮದ ರಕ್ಷಣೆಯನ್ನು ಕೆಡಿಸುತ್ತವೆ. ನಿಂಬೆಯ ಜಾತಿಯ ರಸ ಹಚ್ಚಿ ಬಿಸಿಲಿಗೆ ಹೋದರೆ ಬೊಕ್ಕೆಯೆದ್ದು ಕಂದು ಕಲೆ ಉಳಿಯಬಹುದು. ಪ್ರಯೋಜನಕ್ಕೆ ಬರುವುದು ಜಿಡ್ಡಿನಲ್ಲಿ ಕರಗಿ ರಂಧ್ರದೊಳಗಿಳಿಯುವ ಸ್ಯಾಲಿಸಿಲಿಕ್ ಆಮ್ಲ, ನೂರಕ್ಕೆ ಅರ್ಧದಿಂದ ಎರಡು ಭಾಗದಷ್ಟು. ಅದು ಸಾಲದಿದ್ದರೆ ವೈದ್ಯರು ಬರೆದುಕೊಡುವ ಅಡಾಪಲೀನ್‌ನಂಥ ಮುಲಾಮು. ಎರಡಕ್ಕೂ ವಾರಗಟ್ಟಲೆ ತಾಳ್ಮೆ ಬೇಕು. ಸದ್ಯಕ್ಕೆ ಸುಲಿದ ಗಾಯ ಮಾಯುವವರೆಗೆ ಸೌಮ್ಯವಾದ ಸಾಬೂನು ಮತ್ತು ನೀರು ಬಿಟ್ಟು ಬೇರೇನೂ ಬೇಡವೆಂದು ಹೇಳಿ ಕಳುಹಿಸಿದರು. ಹೊರಡುವಾಗ ಹುಡುಗಿ, ಮುಲಾಮಿನಲ್ಲಿ ಪ್ರಾಣಿಜನ್ಯ ವಸ್ತುವೇನಾದರೂ ಇರಬಹುದೇ ಎಂದು ಕೇಳಿದಳು. ಆ ಪ್ರಶ್ನೆಯನ್ನು ಆಕೆ ತನ್ನ ಜೀವನದಲ್ಲಿ ಕೇಳಿದ್ದು ಅದೇ ಮೊದಲು.

ಅದು ಹೊಸ ಪ್ರಶ್ನೆಯೇನಲ್ಲ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವನ್ನು ರಚಿಸಿದಾಗ, ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂದು ಕನ್ನಡಿಸಿದಾಗ, ಮದ್ಯಮಾಂಸಗಳಿಲ್ಲದೆ ಚಿಕಿತ್ಸೆ ನಡೆಯಬೇಕೆಂಬುದೇ ಅವರ ಸಂಕಲ್ಪವಾಗಿತ್ತು. ಔಷಧಿಯ ಮೂಲವನ್ನು ವಿಚಾರಿಸುವುದು ಜೈನ ವೈದ್ಯದ ಹಳೆಯ ಶಿಸ್ತು. ಅಂದು ವೈದ್ಯನು ಬೇರುಕಾಯಿಗಳನ್ನು ಕಣ್ಣೆದುರಿಗೆ ಅರೆಯುತ್ತಿದ್ದನು. ಇಂದು ವಸ್ತುವು ಪುಡಿಯಾಗಿ, ಹೆಸರು ಬದಲಿಸಿಕೊಂಡು ಬರುತ್ತದೆ. ಆದುದರಿಂದ ವಿಚಾರಿಸುವ ಹೊಣೆ ಈಗ ಕೊಳ್ಳುವವರ ಮೇಲೆ ಬಿದ್ದಿದೆ.

ಈ ಮಾತನ್ನು ಆ ಊರಿನ ಬಸದಿಯ ಟ್ರಸ್ಟಿನವರು ಮನಸ್ಸಿಗೆ ತಂದುಕೊಂಡರು. ಸಂಯಮಧರ್ಮದ ದಿನ ಮಧ್ಯಾಹ್ನ ಹೆಣ್ಣುಮಕ್ಕಳಿಗಾಗಿ ಅರ್ಧ ಗಂಟೆಯನ್ನು ಬಿಟ್ಟುಕೊಟ್ಟರು. ಆಹಾರವಿಜ್ಞಾನದ ಆ ವಿದ್ಯಾರ್ಥಿನಿ ಮೇಜಿನ ಮೇಲೆ ಕೆಲವು ವಸ್ತುಗಳ ಹೆಸರಿನ ಚೀಟಿಗಳನ್ನಿಟ್ಟು ಒಂದೊಂದನ್ನೇ ವಿವರಿಸಿದಳು. ತುಟಿಗೆ ಹಚ್ಚುವ ಕೆಲವು ಕೆಂಪುಗಳಲ್ಲಿ ಬಳಸುವ ಕಾರ್ಮೈನ್ ಒಂದು ಬಗೆಯ ಕೀಟವನ್ನು ಅರೆದು ತೆಗೆದ ಬಣ್ಣ. ಲ್ಯಾನೋಲಿನ್ ಕುರಿಯ ಉಣ್ಣೆಯ ಜಿಡ್ಡು. ಮುಲಾಮುಗಳಿಗೆ ಸೇರುವ ಜೇನುಮೇಣ ಹೆಸರಿನಲ್ಲೇ ತನ್ನ ಮೂಲವನ್ನು ಹೇಳುತ್ತದೆ. ಗ್ಲಿಸರಿನ್, ಸ್ಟಿಯರಿಕ್ ಆಮ್ಲಗಳು ತಾಳೆಯೆಣ್ಣೆಯಿಂದಲೂ ಆಗಬಹುದು, ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು. ತಯಾರಕರನ್ನು ಕೇಳಿಯೇ ತಿಳಿಯಬೇಕು. ಔಷಧದ ಕ್ಯಾಪ್ಸೂಲ್‌ಗಳ ಕವಚ ಅನೇಕ ವೇಳೆ ಜಿಲೆಟಿನ್ನಿನದು. ಸಸ್ಯದ ನಾರಿನಿಂದ ಮಾಡಿದ ಕವಚಗಳೂ ಇವೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ ಸರ್ಕಾರ ೨೦೧೪ರಲ್ಲಿ ನಿಷೇಧಿಸಿತೆಂಬುದನ್ನೂ, ಆ ನಿಷೇಧವು ಪರೀಕ್ಷೆಗೆ ಸಂಬಂಧಿಸಿದ್ದೇ ಹೊರತು ಪ್ರಾಣಿಜನ್ಯ ವಸ್ತುಗಳ ಬಳಕೆಗೆ ಸಂಬಂಧಿಸಿದ್ದಲ್ಲವೆಂಬುದನ್ನೂ ಆಕೆ ತಿಳಿಸಿದಳು. ಕೊನೆಯಲ್ಲಿ, ಅಕ್ಕ ಯಾರ ಹೆಸರನ್ನೂ ಎತ್ತದಿದ್ದರೂ, ತಂಗಿ ತಾನಾಗಿ ಎದ್ದು ನಿಂತು ತನ್ನ ಮೂಗನ್ನು ತೋರಿಸಿ ನಡೆದುದನ್ನು ಹೇಳಿದಳು. ಆ ದಿನ ಯಾರೂ ನಗಲಿಲ್ಲ.

ರೂಪಕದ ದಿನ ಚಂದನೆಯ ಮೂಗಿನ ಮೇಲೆ ಸುಲಿದ ಕಲೆಯೂ ಇತ್ತು, ಕಪ್ಪು ಚುಕ್ಕೆಗಳೂ ಇದ್ದವು. ಸಂಕೋಲೆ ತೊಟ್ಟು, ಹಾರಕದ ಅನ್ನವನ್ನು ಹಿಡಿದು ಭಗವಾನ್ ಮಹಾವೀರರ ಆಗಮನವನ್ನು ನಿರೀಕ್ಷಿಸುವ ದೃಶ್ಯದಲ್ಲಿ ಆಕೆ ಅವುಗಳನ್ನು ಮರೆತಿದ್ದಳು. ನೋಡುತ್ತಿದ್ದವರೂ ಮರೆತಿದ್ದರು.

ಪರ್ವ ಮುಗಿದ ಮೇಲೆ ಕ್ಷಮಾವಣಿ ಬಂತು. ಕಿರಿಯರು ಹಿರಿಯರ ಕಾಲಿಗೆರಗಿ ಕ್ಷಮೆ ಬೇಡುವುದು ಆ ಮನೆಯ ರೂಢಿ. ಮೊಮ್ಮಗಳು ಬಾಗುವುದಕ್ಕೆ ಮೊದಲೇ ಅಜ್ಜಿ ಎದ್ದು ನಿಂತು ಆಕೆಗೆ ಕೈ ಜೋಡಿಸಿ, “ಅಂದು ನಕ್ಕದ್ದಕ್ಕೆ ಕ್ಷಮಿಸು ಮಗಳೇ” ಎಂದರು. ಹುಡುಗಿ ಅಜ್ಜಿಯ ಕೈಗಳನ್ನು ಹಿಡಿದುಕೊಂಡು, “ಹಾಲಿನ ಪಾತ್ರೆಗೆ ನೀವೂ ಕ್ಷಮಿಸಿ ಅಜ್ಜಿ” ಎಂದಳು. ಆ ಬಳಿಕ ಅಜ್ಜಿ ಫೋನು ತರಿಸಿ ಮದುವೆಮನೆಯ ಆ ಅತ್ತೆಗೆ ಕರೆ ಮಾಡಿಸಿದರು. ಕ್ಷಮೆ ಕೇಳಿ, ಕ್ಷಮೆಯಿತ್ತು, ಯೋಗಕ್ಷೇಮವನ್ನು ವಿಚಾರಿಸಿ, ಎಳ್ಳಿನ ಮಾತನ್ನೂ ಮೆಲ್ಲಗೆ ನೆನಪಿಸಿದರು. ಆಚೆಯ ಕಡೆ ಕೆಲವು ಗಳಿಗೆ ಮೌನ. ಅನಂತರ ಆ ಹೆಂಗಸು, “ಮಗುವಿನ ಕೈಗೆ ಫೋನು ಕೊಡಿ” ಎಂದರು.